ಕಾನೋದ ಅಂಗಳಕ್ಕೆ ಇಳಿದ ಹಿಂದಿ ಸಿನಿಮಾ

ಪರದೇಶದ ಸಿನಿಮಾ ಬಂತು, ಪರದೇಶದ ಹಾಡು ಬಂತು, ನಮ್ಮ ಸಂಸ್ಕೃತಿ ಕೆಟ್ಟಿತು ಎಂಬ ದೂರು ನಮ್ಮಲ್ಲಿ ಹಳೆಯದು. ದೂರುವಾಗ ಬೆರಳು ತಾನಾಗಿ ಪಶ್ಚಿಮದ ಕಡೆಗೆ ತಿರುಗುತ್ತದೆ. ಕೆಡಿಸುವವರು ಅವರು, ಕೆಡುವವರು ನಾವು ಎಂದು ಲೆಕ್ಕ ಮುಗಿಸಿಬಿಡುತ್ತೇವೆ. ಆದರೆ ಇದೇ ದೂರನ್ನು ಹೇಳುತ್ತ ನಮ್ಮ ಕಡೆಗೆ ಬೆರಳು ತೋರಿಸುವ ಊರೊಂದಿದೆ. 'ಇಂಡಿಯಾದ ಸಿನಿಮಾ ನೋಡಿ ನಮ್ಮ ಹೆಣ್ಣುಮಕ್ಕಳು ಕೆಟ್ಟರು' ಎಂದು ಅಲ್ಲಿನ ಹಿರಿಯರು ದಶಕಗಳ ಕಾಲ ಹೇಳಿದ್ದಾರೆ. ಆ ಊರು ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದ ಉತ್ತರ ಭಾಗದಲ್ಲಿರುವ ಕಾನೋ.

ಕಾನೋ ನಿನ್ನೆ ಮೊನ್ನೆ ಎದ್ದ ಪಟ್ಟಣವಲ್ಲ. ಮಣ್ಣಿನ ಕೋಟೆಗೋಡೆ, ಸಹಾರಾ ಮರುಭೂಮಿಯನ್ನು ದಾಟಿ ಬರುತ್ತಿದ್ದ ಒಂಟೆಗಳ ಸಾಲು, ಬಟ್ಟೆಗೆ ನೀಲಿ ಬಣ್ಣ ಕಟ್ಟುವ ಗುಂಡಿಗಳು ಇವುಗಳಿಂದ ಶತಮಾನಗಳ ಹಿಂದೆಯೇ ಹೆಸರಾದ ವ್ಯಾಪಾರದ ಊರು. ಜನ ಹೌಸಾ ಭಾಷೆಯವರು, ಬಹುಪಾಲು ಮುಸಲ್ಮಾನರು. 1903ರಲ್ಲಿ ಬ್ರಿಟಿಷರು ಊರನ್ನು ಗೆದ್ದುಕೊಂಡರೂ ಅಮೀರರ ಗದ್ದುಗೆಯನ್ನು ಉಳಿಸಿ ಅವರ ಕೈಯಲ್ಲೇ ರಾಜ್ಯಭಾರ ಮಾಡಿಸಿದರು. ಧರ್ಮದ ತಂಟೆಗೆ ಹೋಗಬಾರದೆಂದು ಮಿಷನರಿಗಳನ್ನು ದೂರ ಇಟ್ಟರು. ಹಾಗಾಗಿ ನೈಜೀರಿಯಾದ ದಕ್ಷಿಣದಲ್ಲಿ ಬೆಳೆದಷ್ಟು ಇಂಗ್ಲಿಷ್ ಶಾಲೆಗಳು ಇಲ್ಲಿ ಬೆಳೆಯಲಿಲ್ಲ. ಹೆಣ್ಣುಮಕ್ಕಳಿಗಂತೂ ಶಾಲೆ ದೂರದ ಮಾತಾಯಿತು.

ನಾವು ಗೋಷಾ ಎನ್ನುವುದಕ್ಕೆ ಹೌಸಾದಲ್ಲಿ 'ಕುಲ್ಲೆ' ಎನ್ನುತ್ತಾರೆ. ಮದುವೆಯಾದ ಹೆಂಗಸು ಹಗಲು ಹೊತ್ತು ಮನೆಯ ಹೊಸ್ತಿಲು ದಾಟುವಂತಿಲ್ಲ. ಮದುವೆಯೋ ಬಹಳ ಎಳೆಯ ವಯಸ್ಸಿನಲ್ಲೇ. ಹೊಲದಲ್ಲಿ ದುಡಿಯಲೇಬೇಕಾದ ಬಡವರ ಮನೆಗಳಲ್ಲಿ ಈ ಪದ್ಧತಿ ನಡೆಯುವುದು ಕಷ್ಟ. ಹೆಂಡತಿ ಹೊರಗೆ ಕಾಲಿಡಬೇಕಾಗಿಲ್ಲ ಎನ್ನುವುದು ಗಂಡನ ಅಂತಸ್ತಿನ ಗುರುತು. ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಾರದ ಹಣ ಕೈಗೆ ಬಂದ ಹಾಗೆ ಕುಲ್ಲೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಅನಾದಿಯಿಂದ ಬಂದ ಪದ್ಧತಿ ಅಂತ ನಮಗೆ ಒಪ್ಪಿಸುವ ಎಷ್ಟೋ ಸಂಗತಿಗಳ ಜಾತಕ ತೆಗೆದು ನೋಡಿದರೆ ಅವುಗಳ ವಯಸ್ಸು ನಮ್ಮ ಮುತ್ತಜ್ಜಿಯ ವಯಸ್ಸಿಗಿಂತ ಹೆಚ್ಚಿರುವುದಿಲ್ಲ.

ಹಾಗೆಂದು ಆ ಹೆಂಗಸರು ಒಳಗೆ ಕೈಕಟ್ಟಿ ಕೂತಿದ್ದರು ಎಂದುಕೊಳ್ಳಬೇಡಿ. ಅಂಗಳದಲ್ಲೇ ಒಲೆ ಹೂಡಿ ತಿಂಡಿ ಮಾಡುತ್ತಿದ್ದರು. ಅಲಸಂದೆ ಕಾಳು ನೆನೆಸಿ ರುಬ್ಬಿ ಕರಿದ 'ಕೋಸೈ' ನಮ್ಮ ಅಲಸಂದೆ ವಡೆಯ ಅಕ್ಕನೋ ತಂಗಿಯೋ. ಸಜ್ಜೆಯ ಉಂಡೆಯನ್ನು ಹಾಲು ಮೊಸರಿನಲ್ಲಿ ಕಲಸಿ ಕುಡಿಯುವ 'ಫುರಾ' ಎಂದರೆ ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ತಾಯಿ ಮಾಡಿದ್ದನ್ನು ಮಗಳು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಬೀದಿ ಬೀದಿ ಮಾರಿ ಬರುತ್ತಿದ್ದಳು. ಆ ದುಡ್ಡು ತಾಯಿಯದೇ, ಗಂಡ ಅದಕ್ಕೆ ಕೈ ಹಾಕುವಂತಿಲ್ಲ. ಮಗಳ ಮದುವೆಗೆ ಪಾತ್ರೆ ಪಡಗ ಕೂಡಿಡುತ್ತಿದ್ದದ್ದು ಈ ಗಂಟಿನಿಂದ. ಇದನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಸಿನಿಮಾ ಕಾನೋಕ್ಕೆ ಬಂದದ್ದು ಬ್ರಿಟಿಷರ ಕಾಲದಲ್ಲಿ, 1930ರ ದಶಕದಲ್ಲಿ. ಧರ್ಮಗುರುಗಳಿಗೆ ಅದು ಮೊದಲಿನಿಂದಲೂ ಒಲ್ಲದ ವಸ್ತು. 1951ರ ಮೇ ತಿಂಗಳಲ್ಲಿ ಎಲ್ ದುನಿಯಾ ಎಂಬ ಟಾಕೀಸಿಗೆ ಆಟದ ಹೊತ್ತಿನಲ್ಲೇ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳು. ದೇವರು ಕೊಟ್ಟ ಶಿಕ್ಷೆ ಎಂದು ಊರೆಲ್ಲ ಮಾತಾಡಿಕೊಂಡಿತು. ಟಾಕೀಸು ಗಂಡಸರ ಜಾಗವಾಯಿತು. ಅಲ್ಲಿಗೆ ಕಾಲಿಟ್ಟ ಹೆಂಗಸನ್ನು ಮನೆತನದವಳು ಎಂದು ಯಾರೂ ಎಣಿಸುತ್ತಿರಲಿಲ್ಲ.

ಅಲ್ಲಿನ ಟಾಕೀಸುಗಳನ್ನು ನಡೆಸುತ್ತಿದ್ದವರು ಲೆಬನಾನಿನಿಂದ ಬಂದು ನೆಲೆಸಿದ ವ್ಯಾಪಾರಿಗಳು. 1950ರ ದಶಕದಿಂದ ಅವರು ಹಾಲಿವುಡ್ಡಿನ ಚಿತ್ರಗಳ ಜೊತೆಗೆ ಹಿಂದಿ ಚಿತ್ರಗಳನ್ನೂ ತರಿಸತೊಡಗಿದರು. ಯಾರೂ ಯೋಜನೆ ಹಾಕಿ ಮಾಡಿದ ಕೆಲಸವಲ್ಲ ಅದು. ದೆಹಲಿಯ ಸರ್ಕಾರಕ್ಕಾಗಲಿ ಮುಂಬಯಿಯ ನಿರ್ಮಾಪಕರಿಗಾಗಲಿ ಕಾನೋ ಎಲ್ಲಿದೆಯೆಂಬ ಗೊಡವೆ ಇರಲಿಲ್ಲ. ಫಿಜಿಯ ಹಾಗೆ, ಟ್ರಿನಿಡಾಡಿನ ಹಾಗೆ ಭಾರತದಿಂದ ಹೋಗಿ ನೆಲೆಸಿದ ದೊಡ್ಡ ಸಮುದಾಯವೂ ಅಲ್ಲಿ ಇರಲಿಲ್ಲ. ನೋಡುವ ಜನಕ್ಕೆ ಹಿಂದಿಯ ಒಂದಕ್ಷರ ಬಾರದು. ಆದರೂ ಹೌಸಾ ಜನ ಆ ಚಿತ್ರಗಳನ್ನು ಅಪ್ಪಿಕೊಂಡ ಬಗೆ ನೋಡಿ: 1957ರಲ್ಲಿ ತೆರೆಕಂಡ ಮೆಹಬೂಬ್ ಖಾನರ 'ಮದರ್ ಇಂಡಿಯಾ' 1990ರ ದಶಕದಲ್ಲೂ ಕಾನೋದ ಟಾಕೀಸಿನಲ್ಲಿ ತುಂಬಿ ನಡೆಯುತ್ತಿತ್ತು. ನಟರಿಗೆ ತಮ್ಮ ಭಾಷೆಯಲ್ಲೇ ಹೆಸರಿಟ್ಟರು. ನಮ್ಮ ರಾಮನಗರದ ಬಂಡೆಗಳ ನಡುವೆ 'ಶೋಲೆ'ಗಾಗಿ ಕುದುರೆ ಓಡಿಸಿದ ಧರ್ಮೇಂದ್ರ ಅಲ್ಲಿ 'ಸರ್ಕಿನ್ ಕರ್ಫಿ', ಅಂದರೆ ಬಲದ ರಾಜ. ಗೋವಿಂದ 'ಸರ್ಕಿನ್ ರಾವಾ', ಕುಣಿತದ ರಾಜ.

ವಿಗ್ರಹಕ್ಕೆ ಆರತಿ ಎತ್ತುವ ಚಿತ್ರಗಳನ್ನು ಅಷ್ಟು ಕಟ್ಟಾ ಮುಸಲ್ಮಾನರ ಊರು ಹೇಗೆ ಮೆಚ್ಚಿತು ಎಂದು ಆಶ್ಚರ್ಯವಾಗುತ್ತದೆ. ಕೇಳಿದವರಿಗೆ ಅಲ್ಲಿನ ಜನ ಕೊಡುತ್ತಿದ್ದ ಉತ್ತರ ಒಂದೇ: ಇಂಡಿಯಾದವರು ನಮ್ಮ ಹಾಗೇ. ಹಾಲಿವುಡ್ಡಿನ ನಾಯಕಿ ಅರೆಬಟ್ಟೆಯಲ್ಲಿ ಬರುತ್ತಾಳೆ, ಯಾರನ್ನೂ ಕೇಳದೆ ಮದುವೆಯಾಗುತ್ತಾಳೆ. ಹಿಂದಿ ಚಿತ್ರದ ನಾಯಕಿ ಮೈತುಂಬ ಉಡುತ್ತಾಳೆ, ಹೌಸಾ ಹೆಂಗಸಿನಂತೆ ತಲೆಯ ಮೇಲೆ ಸೆರಗು ಹೊದೆಯುತ್ತಾಳೆ, ದೊಡ್ಡವರ ಮುಂದೆ ಕಣ್ಣು ತಗ್ಗಿಸುತ್ತಾಳೆ. ಅಲ್ಲಿಯೂ ಕೂಡುಕುಟುಂಬ, ಅಲ್ಲಿಯೂ ಮದುವೆಯನ್ನು ನಿಶ್ಚಯಿಸುವವರು ಹಿರಿಯರು. ಮುದ್ದಿನ ದೃಶ್ಯ ಬರಬೇಕಾದ ಜಾಗದಲ್ಲಿ ಹಾಡು. ಅಪ್ಪನೂ ಮಗಳೂ ಒಂದೇ ಕೋಣೆಯಲ್ಲಿ ಕೂತು ನೋಡಬಹುದು. ಮಾತುಗಳಲ್ಲೂ ಅಲ್ಲೊಂದು ಇಲ್ಲೊಂದು ಪರಿಚಯದ ಮುಖ ಕಾಣುತ್ತಿತ್ತು. ಅರಬ್ಬಿಯಿಂದ ಎರಡೂ ಕಡೆ ಹೋದ 'ದುನಿಯಾ' ಹಿಂದಿಯಲ್ಲೂ ಹೌಸಾದಲ್ಲೂ ದುನಿಯಾವೇ. ಅಷ್ಟೇಕೆ, ನಾವು ಜೇಬು ಎನ್ನುವುದನ್ನು ಅವರು 'ಅಲ್ಜಿಹು' ಎನ್ನುತ್ತಾರೆ, ಎರಡಕ್ಕೂ ತಾಯಿ ಒಂದೇ ಅರಬ್ಬಿ ಪದ.

ಹೆಂಗಸರ ಪಾಲಿಗೆ ಈ ಕಥೆ ನಿಜವಾಗಿ ಶುರುವಾಗುವುದು ಟೀವಿಯಿಂದ. 1977ರ ಸುಮಾರಿಗೆ ಕಾನೋದ ಸರ್ಕಾರಿ ಟೀವಿ ಹಿಂದಿ ಚಿತ್ರಗಳನ್ನು ಬಿತ್ತರಿಸತೊಡಗಿತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಹೀಗೆ ಬಂದ ಚಿತ್ರಗಳು ಸಾವಿರಕ್ಕೂ ಹೆಚ್ಚು. ಆಮೇಲೆ ವಿಡಿಯೋ ಕ್ಯಾಸೆಟ್ಟು ಬಂತು. ಟಾಕೀಸಿಗೆ ಹೋಗುವಂತಿಲ್ಲದ ಹೆಂಗಸರ ಬಳಿಗೆ, ಕುಲ್ಲೆಯನ್ನು ದಾಟಿ, ಸಿನಿಮಾ ತಾನೇ ನಡೆದು ಬಂದು ಅಂಗಳದಲ್ಲಿ ಕೂತಿತು. ಗಂಡಸರು ಮೆಲ್ಲಗೆ ಬೇರೆ ಚಿತ್ರಗಳ ಕಡೆ ಸರಿದರು, ಹಿಂದಿ ಚಿತ್ರ ಹೆಂಗಸರದಾಯಿತು. ಸವತಿಯರು, ಸೊಸೆಯಂದಿರು, ನೆರೆಮನೆಯ ಹುಡುಗಿಯರು ಒಟ್ಟಿಗೆ ಕೂತು ನೋಡುತ್ತಿದ್ದರು. ಕಥೆ ತಿಳಿಯದ ಕಡೆ ತಿಳಿದವರು ಹೇಳುತ್ತಿದ್ದರು, ಅಥವಾ ಕಟ್ಟಿ ಹೇಳುತ್ತಿದ್ದರು. ಜೇಡರ ಹುಳು ಗಿಜೋನ ತಂಟೆಗಳನ್ನು ರಾತ್ರಿ ಹೊತ್ತು ಮೊಮ್ಮಕ್ಕಳಿಗೆ ಹೇಳುತ್ತಿದ್ದ ಅಜ್ಜಿಯೂ ಟೀವಿಯ ಮುಂದೆ ಬಂದು ಕೂತಳು. ಗಿಜೋ ಸ್ವಲ್ಪ ಸ್ವಲ್ಪವಾಗಿ ಮೂಲೆ ಸೇರಿದ.

ಹಿಂದಿ ಹಾಡಿನ ಧಾಟಿ ಮಸೀದಿಯ ಸುತ್ತಮುತ್ತಲೂ ಕೇಳಿಸಿತು ಎಂದರೆ ನಂಬುತ್ತೀರಾ? ಕಾನೋದಲ್ಲಿ ಕಾದಿರಿಯ್ಯಾ ಎಂಬ ಸೂಫಿ ಪಂಥ ಬಲವಾಗಿದೆ. ಅವರು ಬಂದೀರಿ ಎಂಬ ತಮ್ಮಟೆ ಬಡಿದು ಪ್ರವಾದಿಯ ಸ್ತುತಿ ಹಾಡುತ್ತಾರೆ. ಅವರಲ್ಲೇ ಕೆಲವು ಗಾಯಕರು ಕೂಡಿ 'ಉಷಾಕು ಇಂಡಿಯಾ' ಎಂಬ ಮೇಳ ಕಟ್ಟಿದರು. ಇಂಡಿಯಾಕ್ಕೆ ಮನಸೋತವರು ಎಂದು ಅದರ ಅರ್ಥ. ಲತಾ ಮಂಗೇಶ್ಕರ್ ಹಾಡಿದ ಪ್ರೇಮಗೀತೆಯ ಧಾಟಿ ತೆಗೆದುಕೊಂಡು ಪ್ರೇಯಸಿಯ ಹೆಸರಿದ್ದ ಕಡೆ ಪ್ರವಾದಿಯ ಹೆಸರಿಟ್ಟು ಹೌಸಾದಲ್ಲಿ ಹಾಡುವುದು ಅವರ ಕ್ರಮ. ಕಟ್ಟುನಿಟ್ಟಿನ ಸುಧಾರಕರಿಗೆ ಇದು ಸಹಿಸಲಾರದ ಅಪಚಾರ. ಹಾಡುವವರಿಗೋ ಅದು ಭಕ್ತಿ. ಸಂಸ್ಕೃತಿ ಕೆಟ್ಟಿತು ಎನ್ನುವವರು ಇಲ್ಲಿ ಯಾರ ಸಂಸ್ಕೃತಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ನನಗೆ ಕುತೂಹಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅಂಗಳದೊಳಗೆ ಕೂತು ಸಿನಿಮಾ ನೋಡಿದ ಹುಡುಗಿಯರು ಮಾಡಿದ ಕೆಲಸ. ಅವರು ಬರೆಯತೊಡಗಿದರು.

1976ರಲ್ಲಿ ನೈಜೀರಿಯಾ ಸರ್ಕಾರ ಎಲ್ಲರಿಗೂ ಪ್ರಾಥಮಿಕ ಶಿಕ್ಷಣ ಎಂದು ಸಾರಿತ್ತು. ತಲೆಯ ಮೇಲೆ ಕೋಸೈ ತಟ್ಟೆ ಹೊತ್ತು ತಿರುಗುತ್ತಿದ್ದ ಹುಡುಗಿಯರಲ್ಲಿ ಎಷ್ಟೋ ಮಂದಿ ಶಾಲೆಗೆ ಬಂದರು. ಅಕ್ಷರವೂ ಬಂತು, ಅದೇ ಹೊತ್ತಿಗೆ ಹಿಂದಿ ಸಿನಿಮಾವೂ ಬಂತು. 1980ರಲ್ಲಿ ಹಫ್ಸಾತು ಅಬ್ದುಲ್‌ವಾಹಿದ್ ಎಂಬಾಕೆಯ ಸಣ್ಣ ಕಾದಂಬರಿಯೊಂದು ಅಚ್ಚಾಯಿತು. ಪ್ರೀತಿಯೇ ಲೋಕದ ಸ್ವರ್ಗ ಎಂಬರ್ಥದ ಹೆಸರು. ಹೌಸಾದಲ್ಲಿ ಹೆಂಗಸೊಬ್ಬಳ ಕಾದಂಬರಿ ಅಚ್ಚಾದದ್ದು ಅದೇ ಮೊದಲು. ಆ ದಶಕದ ಕೊನೆಗೆ ಕಾನೋದ ಮಾರುಕಟ್ಟೆಯಲ್ಲಿ ಬಟ್ಟೆ, ಸಾಬೂನು, ಮಸಾಲೆ ಸಾಮಾನಿನ ಪಕ್ಕದಲ್ಲೇ ಅಗ್ಗದ ಕಾಗದದ ಪುಟ್ಟ ಪುಟ್ಟ ಕಾದಂಬರಿಗಳು ಮಾರಾಟಕ್ಕೆ ಬಂದವು. ಇವುಗಳಿಗೆ 'ಸೋಯಾಯ್ಯಾ' ಪುಸ್ತಕಗಳು ಎಂದು ಹೆಸರು. ಸೋಯಾಯ್ಯಾ ಎಂದರೆ ಪ್ರೀತಿ. ಗಂಡಸರೂ ಬರೆದರು, ಹೆಂಗಸರು ಬಹಳ ಬರೆದರು. ಎಷ್ಟೋ ಜನ ತಮ್ಮ ಕೈಯಿಂದಲೇ ದುಡ್ಡು ಹಾಕಿ ಅಚ್ಚು ಹಾಕಿಸಿದರು. ಪಾಠದ ಪುಸ್ತಕದೊಳಗೆ ಕಾದಂಬರಿ ಬಚ್ಚಿಟ್ಟುಕೊಂಡು ಓದುವ ಹುಡುಗಿಯರು ಅಲ್ಲಿನ ಟೀಚರುಗಳಿಗೂ ಸಿಕ್ಕಿಬಿದ್ದಿರಬೇಕು. ಆ ಕಳ್ಳತನವನ್ನು ಹಿಡಿಯಬೇಕೋ ನೋಡದ ಹಾಗೆ ಇರಬೇಕೋ ಎಂಬ ಇಕ್ಕಟ್ಟು ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವಂಥದು.

ವಿದ್ವಾಂಸರು ಇವನ್ನು ಹಿಂದಿ ಸಿನಿಮಾದ ಕಳಪೆ ನಕಲು ಎಂದು ತಳ್ಳಿಹಾಕಿದರು. ನಕಲುಗಳು ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಬೇಕಾದಷ್ಟಿದ್ದವು. ಆದರೆ ಸಾವಿರಾರು ಮೈಲಿ ಆಚೆಯಿಂದ ಬಂದ ಮೂರು ಗಂಟೆಯ ಸಿನಿಮಾದಲ್ಲಿ ಕುದುರೆ, ಕುಣಿತ, ಹೊಡೆದಾಟ, ದೇವಸ್ಥಾನ ಎಲ್ಲ ಇರುವಾಗ ಈ ಹುಡುಗಿಯರು ಆರಿಸಿ ತೆಗೆದುಕೊಂಡದ್ದು ಏನು? 'ಹುಡುಗಿಯನ್ನು ಯಾರಿಗೆ ಕೊಡಬೇಕೆಂದು ನಿಶ್ಚಯಿಸುವವರು ಯಾರು? ಅವಳನ್ನು ಒಂದು ಮಾತು ಕೇಳಬಾರದೇ?' ಎಂಬ ಪ್ರಶ್ನೆ. ಒಲ್ಲದ ಗಂಡಿಗೆ ಬಲವಂತದಿಂದ ಕೊಡುವ ಮದುವೆಗೆ ಹೌಸಾದಲ್ಲಿ 'ಔರೆನ್ ದೋಲೆ' ಎಂಬ ಹೆಸರೇ ಇದೆ. ಹೆಸರಿದೆ ಎಂದರೆ ಸಂಗತಿ ಅವರಿಗೆ ಹೊಸದಲ್ಲ ಎಂದಾಯಿತು. ಅದನ್ನು ಬಾಯಿಬಿಟ್ಟು ಆಡಲು ಒಂದು ನೆಪ ಬೇಕಿತ್ತು. ಅದನ್ನು ಸಿನಿಮಾ ಒದಗಿಸಿತು. ಬಹುಪತ್ನಿತ್ವವನ್ನಾಗಲಿ ಧರ್ಮವನ್ನಾಗಲಿ ಈ ಲೇಖಕಿಯರಲ್ಲಿ ಹೆಚ್ಚಿನವರು ತಳ್ಳಿಹಾಕಲಿಲ್ಲ. ಕೇಳದೆ ಕೊಡಬೇಡಿ, ಓದನ್ನು ಬಿಡಿಸಬೇಡಿ ಎಂದರು, ಅಷ್ಟೆ.

ಕಾದಂಬರಿಗಳ ಹಿಂದೆಯೇ ಹೌಸಾ ಸಿನಿಮಾಗಳು ಬಂದವು. ಮೊದಲ ವಿಡಿಯೋ ಚಿತ್ರ 1990ರಲ್ಲಿ. ಹತ್ತು ವರ್ಷದೊಳಗೆ ಕಾನೋದಲ್ಲಿ ಒಂದು ಉದ್ಯಮವೇ ಎದ್ದಿತು, ಅದಕ್ಕೆ 'ಕ್ಯಾನಿವುಡ್' ಎಂಬ ಹೆಸರೂ 1999ರಲ್ಲಿ ಬಂತು. ಹಿಂದಿ ಚಿತ್ರಗಳ ಕಥೆಯನ್ನು ಇದ್ದ ಹಾಗೇ ಎತ್ತಿದ ಚಿತ್ರಗಳೂ ಅಲ್ಲಿ ಹೇರಳ. ಹಾಡು, ಕುಣಿತ, ಮರ ಸುತ್ತುವ ನಾಯಕ ನಾಯಕಿ ಎಲ್ಲ ನಮ್ಮದೇ ಅಚ್ಚು.

ಇಲ್ಲಿ ನನ್ನ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ. ಹೌಸಾ ಹೆಂಗಸರದೇ ಆದ 'ಆಮಾದಾ' ಎಂಬ ಸಂಗೀತವಿತ್ತು. ನೀರು ತುಂಬಿದ ಅಗಲ ಬುರುಡೆಯಲ್ಲಿ ಇನ್ನೊಂದು ಸೋರೆ ಬುರುಡೆಯನ್ನು ಕವುಚಿ ತೇಲಿಬಿಟ್ಟು ಅದನ್ನು ಬಡಿಯುತ್ತ, ಮದುವೆ, ನಾಮಕರಣಗಳಲ್ಲಿ ಹೆಂಗಸರ ನಡುವೆ ಹೆಂಗಸರೇ ಹಾಡುವುದು. ಅಡಿಗೆಮನೆಯ ಪಾತ್ರೆಯೇ ವಾದ್ಯ. ಕಾತ್ಸಿನಾ ಪ್ರಾಂತ್ಯದ ಫುಂಟುವಾದ ಬರ್ಮಾನಿ ಚೋಗೆ ಇದರಲ್ಲಿ ಬಹು ದೊಡ್ಡ ಹೆಸರು. ಹೆಂಗಸರು ಒಂದೊಂದು ಕಸುಬು ಹಿಡಿದು ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ಯಾವ ಸಿನಿಮಾದ ಹಂಗೂ ಇಲ್ಲದೆ ಹಾಡಿದಾಕೆ. 2013ರಲ್ಲಿ ತೀರಿಕೊಂಡರು. ಸಿನಿಮಾ ಹಾಡಿನ ಕೀಬೋರ್ಡು ಮದುವೆಮನೆಗೆ ಬಂದ ಮೇಲೆ ನೀರಿನ ಮೇಲಿನ ಆ ಬುರುಡೆಯ ದನಿಗೆ ಕರೆ ಕಡಿಮೆಯಾಯಿತು. ಈ ನಷ್ಟ ನಿಜವಾದ ನಷ್ಟ, ನಮ್ಮ ಪಾಲೂ ಅದರಲ್ಲಿದೆ. ಆದರೆ ಸಂಸ್ಕೃತಿ ಕೆಟ್ಟಿತೆಂದು ಗದ್ದಲ ಎಬ್ಬಿಸಿದವರು ಈ ಬುರುಡೆಗಾಗಿ ಗದ್ದಲ ಎಬ್ಬಿಸಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಹುಡುಗಿಯರ ಕುಣಿತ, ಹುಡುಗಿಯರ ಪುಸ್ತಕ.

2000ದಲ್ಲಿ ಕಾನೋ ರಾಜ್ಯ ಷರಿಯಾ ಕಾನೂನನ್ನು ಜಾರಿಗೆ ತಂದಿತು. ಕೂಡಲೇ ಸಿನಿಮಾ ತಯಾರಿಕೆ ಕೆಲವು ತಿಂಗಳು ನಿಂತಿತು. 2001ರಲ್ಲಿ ಸೆನ್ಸಾರ್ ಮಂಡಳಿ ಬಂತು, ಗಂಡು ಹೆಣ್ಣು ಒಟ್ಟಿಗೆ ಕುಣಿಯುವುದಕ್ಕೆ ಕತ್ತರಿ ಬಿತ್ತು. 2007ರಲ್ಲಿ ನಟಿಯೊಬ್ಬಳ ಖಾಸಗಿ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ದೊಡ್ಡ ರಾದ್ಧಾಂತವಾಯಿತು. ಆರು ತಿಂಗಳು ಚಿತ್ರೀಕರಣವೇ ಬಂದ್. ಚಿತ್ರದವರು ಕೆಲವರು ಜೈಲು ಕಂಡರು, ಎಷ್ಟೋ ಮಂದಿ ಪಕ್ಕದ ಕಡೂನಾಕ್ಕೆ ಗಂಟುಮೂಟೆ ಕಟ್ಟಿದರು. ಅದೇ ವರ್ಷ ಕಾನೋದ ಗವರ್ನರ್ ಇಬ್ರಾಹಿಂ ಶೇಕರಾವ್ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಹೋಗಿ, ವಿದ್ಯಾರ್ಥಿನಿಯರ ಕಣ್ಣೆದುರಿಗೇ ಸೋಯಾಯ್ಯಾ ಪುಸ್ತಕಗಳ ರಾಶಿಗೆ ಬೆಂಕಿ ಇಟ್ಟರು. ರಾಜಕೀಯಕ್ಕೆ ಬರುವ ಮೊದಲು ಅವರು ಗಣಿತದ ಮೇಷ್ಟರಾಗಿದ್ದವರು, ಹೆಡ್‌ಮಾಸ್ತರರೂ ಆಗಿದ್ದವರು. ಇದನ್ನು ಓದಿದಾಗ ನನಗೆ ಬೆಂಕಿಗಿಂತ ಹೆಚ್ಚು ಚುಚ್ಚಿದ್ದು ಈ ಮಾತು.

ಸುಟ್ಟದ್ದು ಸಂಪ್ರದಾಯದ ಹೆಸರಿನಲ್ಲಿ. ಹಾಗಾದರೆ ಆ ಸಂಪ್ರದಾಯವನ್ನೇ ಒಮ್ಮೆ ಕೇಳಿ ನೋಡಬೇಕು. ಹೌಸಾ ನಾಡಿನಲ್ಲಿ 1804ರಲ್ಲಿ ಧರ್ಮಯುದ್ಧ ಹೂಡಿ ಸೊಕೋಟೋ ರಾಜ್ಯವನ್ನು ಕಟ್ಟಿದ ಉಸ್ಮಾನ್ ದಾನ್ ಫೋದಿಯೋ ಅಲ್ಲಿನವರಿಗೆ ಪರಮ ಪೂಜ್ಯ. ಹೆಂಡಿರು ಮಕ್ಕಳಿಗೆ ವಿದ್ಯೆ ಕಲಿಸದ ಪಂಡಿತರನ್ನು ತರಾಟೆಗೆ ತೆಗೆದುಕೊಂಡವರು ಅವರು. ಅವರ ಮಗಳು ನಾನಾ ಅಸ್ಮಾವು, 1793ರಲ್ಲಿ ಹುಟ್ಟಿ 1864ರಲ್ಲಿ ತೀರಿಕೊಂಡ ಕವಯಿತ್ರಿ. ಅರಬ್ಬಿ, ಫುಲಾನಿ, ಹೌಸಾ ಮೂರೂ ಭಾಷೆಗಳಲ್ಲಿ ಬರೆದಾಕೆ. ಹಳ್ಳಿ ಹಳ್ಳಿಯ ಹೆಂಗಸರಿಗೆ ಪಾಠ ತಲುಪಿಸಲು ಆಕೆ ಒಂದು ಉಪಾಯ ಮಾಡಿದರು. ಬಾಯಿಪಾಠ ಮಾಡಲು ಬರುವ ಹಾಗೆ ಪಾಠವನ್ನು ಪದ್ಯವಾಗಿ ಕಟ್ಟಿ, ವಯಸ್ಸಾದ ಹೆಂಗಸರನ್ನು ಟೀಚರುಗಳಾಗಿ ತಯಾರು ಮಾಡಿ, ತಲೆಗೊಂದು ಹುಲ್ಲಿನ ಟೋಪಿ ಕೊಟ್ಟು ಕಳಿಸಿದರು. ಆ ಟೋಪಿ ಕಂಡರೆ ಟೀಚರು ಬಂದರು ಎಂದು ಅರ್ಥ, ದಾರಿಯಲ್ಲಿ ಯಾರೂ ತಡೆಯುತ್ತಿರಲಿಲ್ಲ. ಹೆಣ್ಣಿನ ಕೈಯ ಲೇಖನಿ ಆ ನಾಡಿಗೆ ಮುಂಬಯಿಯಿಂದ ಬಂದದ್ದಲ್ಲ. ಮನೆಯಲ್ಲೇ ಇತ್ತು, ಯಾರೋ ಎತ್ತಿ ಅಟ್ಟಕ್ಕೆ ಹಾಕಿದ್ದರು.

ಅದನ್ನು ಅಟ್ಟದಿಂದ ಇಳಿಸಿದವರಲ್ಲಿ ಬಲರಬಾ ರಾಮತ್ ಯಾಕುಬು ಒಬ್ಬರು. 1958ರಲ್ಲಿ ಕಾನೋದಲ್ಲಿ ಹುಟ್ಟಿದವರು. ಅಣ್ಣ ಮುರ್ತಲಾ ಮುಹಮ್ಮದ್ ಓದಿ ಸೈನ್ಯ ಸೇರಿ ಜನರಲ್ ಆಗಿ 1975ರಲ್ಲಿ ದೇಶವನ್ನೇ ಆಳಿದರು, ಮರುವರ್ಷ ಕೊಲೆಯಾದರು. ತಂಗಿಯನ್ನು ಮಾತ್ರ ಹನ್ನೆರಡು ಹದಿಮೂರಕ್ಕೇ ನಲವತ್ತು ದಾಟಿದ ಗಂಡಿಗೆ ಕೊಟ್ಟಿದ್ದರು. ಆ ಸಂಸಾರ ಎರಡು ವರ್ಷವೂ ನಡೆಯಲಿಲ್ಲ. ತವರಿಗೆ ಬಂದ ಹುಡುಗಿ ತಂದೆಗೆ ತಿಳಿಯದ ಹಾಗೆ ವಯಸ್ಕರ ಶಾಲೆಗೆ ಹೋಗಿ ಅಕ್ಷರ ಕಲಿತಳು. 'ಅನಕ್ಷರಸ್ಥೆಯನ್ನು ಯಾರು ಮದುವೆಯಾಗುತ್ತಾರೆ?' ಎಂಬುದು ಆಕೆ 1990ರಲ್ಲಿ ತಂದ ಕಾದಂಬರಿಯೊಂದರ ಹೆಸರು. ಆ ಹೆಸರು ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ.

ಅದೇ ವರ್ಷದ ಇನ್ನೊಂದು ಕಾದಂಬರಿ 'ಅಲ್ಹಾಕಿ ಕುಯ್‌ಕುಯೋ ನೇ'. ಮಾಡಿದ ಪಾಪ ನಾಯಿಮರಿಯ ಹಾಗೆ, ಒಡೆಯನ ಹಿಂದೆಯೇ ಮನೆಗೆ ಬರುತ್ತದೆ ಎಂಬುದು ಹೌಸಾ ಗಾದೆ. ಕಾನೋದ ಸಗಟು ವ್ಯಾಪಾರಿಯೊಬ್ಬನ ಹೆಂಡತಿ ರಾಬಿ, ಒಂಬತ್ತು ಮಕ್ಕಳ ತಾಯಿ. ಹಾದರದ ಗಂಡ ಹೊಸಬಳನ್ನು ಮನೆ ತುಂಬಿಸಿಕೊಂಡು ಇವಳನ್ನು ಮಕ್ಕಳ ಸಮೇತ ಹೊರಗೆ ಹಾಕುತ್ತಾನೆ. ಇಲ್ಲಿಯವರೆಗೆ ಹಿಂದಿ ಸಿನಿಮಾ ಎನ್ನಿ, ಬೇಡ ಎನ್ನುವುದಿಲ್ಲ. ಸಿನಿಮಾದಲ್ಲಾದರೆ ಮುಂದೆ ಕಣ್ಣೀರು, ದೇವರ ಮುಂದೆ ಒಂದು ಹಾಡು. ರಾಬಿ ಒಲೆ ಹೂಡುತ್ತಾಳೆ. ಅಡಿಗೆ ಮಾಡಿ ಮಾರುತ್ತಾಳೆ, ಮಕ್ಕಳನ್ನು ಸಾಕುತ್ತಾಳೆ. ಅಂಗಳದಲ್ಲಿ ಕೋಸೈ ಕರಿದು ಸೆರಗಿನಲ್ಲಿ ಸ್ವಂತ ದುಡ್ಡು ಗಂಟು ಹಾಕಿಕೊಂಡಿದ್ದ ಆ ಹೆಂಗಸರಿದ್ದರಲ್ಲ, ಈ ಒಲೆ ಅವರದು. ಅದಕ್ಕೂ ಮುಂಬಯಿಗೂ ಸಂಬಂಧವಿಲ್ಲ.

ಪುಸ್ತಕ ಕಾನೋದಲ್ಲಿ ಮನೆಮಾತಾಯಿತು, ಸಿನಿಮಾವೂ ಆಯಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿನ ಕಟ್ಟುಪಾಡು ಬಿಗಿಯಾಗುತ್ತ ಸಡಿಲವಾಗುತ್ತ ಸಾಗಿದೆ. 2010ರ ದಶಕದಲ್ಲಿ ಹಿಂದಿಯ ಜೊತೆಗೆ ತೆಲುಗು ಚಿತ್ರಗಳೂ ಹೌಸಾ ಮಾತಾಡತೊಡಗಿದವು. ಈ ಕಾದಂಬರಿಯನ್ನು ಕಾನೋದವರೇ ಆದ ಅಲಿಯು ಕಮಾಲ್ ಇಂಗ್ಲಿಷಿಗೆ ತಂದರು. 2012ರಲ್ಲಿ ಅದನ್ನು ಅಚ್ಚು ಹಾಕಿದ್ದು ಲಂಡನ್ನಿನವರಲ್ಲ, ನ್ಯೂಯಾರ್ಕಿನವರೂ ಅಲ್ಲ. ನಮ್ಮ ಪಕ್ಕದ ಚೆನ್ನೈಯ ಬ್ಲಾಫ್ಟ್ ಎಂಬ ಸಣ್ಣ ಪ್ರಕಾಶನ. ಸುಮಾರು ಅರವತ್ತು ವರ್ಷಗಳ ಹಿಂದೆ ಇಲ್ಲಿಂದ ಹಡಗು ಹತ್ತಿದ ಕಥೆಗಳಿಗೆ ಕಾನೋದ ಹೆಂಗಸರ ಉತ್ತರ ಹೀಗೆ ನಮ್ಮ ಬಾಗಿಲಿಗೆ ಬಂತು. ಮಾರುಕಟ್ಟೆಗೆ ಬೆಂಕಿ ಬಿದ್ದು ಸರ್ವಸ್ವ ಕಳೆದುಕೊಂಡ ಗಂಡ ರಾಬಿಯ ಮನೆ ಕಡೆಗೆ ಮುಖ ಮಾಡಿದಾಗ ಅವಳು ಏನು ಮಾಡಿದಳು ಎಂದು ನಾನು ಹೇಳುವುದಿಲ್ಲ. ಪುಸ್ತಕ ಚಿಕ್ಕದು, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು.